ಹಳೇ ಎಸ್ಟೀಮು, ಶ್ರೀಪೆರಂಬುದೂರು, ಒಂದು ಸೀಸನ್: ರೇಸಿಗೆ ಇಳೀಬೇಕು ಅನ್ನೋ ಬೆಂಗಳೂರಿನವರು ಓದಿ

ಎಸ್ಟೀಮ್‌ಸವಾರ

ಸೀಸನ್ ಮುಗೀತು. ಪಾಯಿಂಟ್ ಪಟ್ಟಿಯಲ್ಲಿ ಮಧ್ಯದಲ್ಲೆಲ್ಲೋ ಇದ್ದೀನಿ. ಒಂದು ಪೋಡಿಯಂ (ಮೊದಲ ಮೂರರಲ್ಲಿ ಸ್ಥಾನ) ಬಂತು, ಒಂದು ಎಂಜಿನ್ ಹೋಯ್ತು. "ಕಾರ್ ರೇಸಿಗೆ ಇಳೀಬೇಕು, ಹೇಗಿರುತ್ತೆ, ಎಷ್ಟಾಗುತ್ತೆ" ಅಂತ ಇಲ್ಲಿ ಸುಮಾರು ಜನ ಕೇಳ್ತಾನೇ ಇದ್ರು. ಒಬ್ಬೊಬ್ಬರಿಗೂ ಬರೆಯೋ ಬದಲು ಒಟ್ಟಿಗೇ ಹಾಕ್ತಿದ್ದೀನಿ.

ಕಾರು 1298 ಸಿಸಿಯ ಹಳೇ ಮಾರುತಿ ಎಸ್ಟೀಮ್, ಜೂನಿಯರ್ ಟೂರಿಂಗ್ ಕಾರ್ ವಿಭಾಗ. ಸೀಟು, ಕಾರ್ಪೆಟ್, ಏಸಿ, ಬ್ಲೋವರ್, ಬಾಗಿಲ ಒಳಗಿನ ಪ್ಯಾಡು ಎಲ್ಲ ಕಿತ್ತು ರೋಲ್ ಕೇಜ್ (ಪಲ್ಟಿಯಾದ್ರೆ ಕಾಪಾಡೋ ಕೊಳವೆಗಳ ಪಂಜರ) ಬೆಸೆದಿದೆ. ಒಂದೇ ಬಕೆಟ್ ಸೀಟು. ನಂಬರ್ ಪ್ಲೇಟ್ ಇಲ್ಲ, ಹಾಗಾಗಿ ಗ್ಯಾರೇಜಿನಿಂದ ಮುಖ್ಯರಸ್ತೆಗೆ ಬರಬೇಕಂದ್ರೂ ಲಾರಿ ಬೇಕು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಜಗಳ ಆಡಿ. ನಮ್ಮಂಥ ಹವ್ಯಾಸಿಗಳ ಸೀಸನ್ ತೀರ್ಮಾನ ಆಗೋದು ವಾರದ ದಿನಗಳಲ್ಲಿ, ಬೆಂಗಳೂರಲ್ಲಿ. ಜೆ.ಸಿ. ರೋಡಲ್ಲಿ ಪಾರ್ಟ್ ಸಿಕ್ತಾ, ಪೀಣ್ಯದಲ್ಲಿ ಹೆಡ್ ಫೇಸಿಂಗ್ (ಎಂಜಿನ್ ಹೆಡ್ ಸಮ ಮಾಡೋದು) ಟೈಮಿಗೆ ಆಯ್ತಾ, ಆಫೀಸಲ್ಲಿ ಶುಕ್ರವಾರ ರಜೆ ಕೊಟ್ರಾ, ಲಾರಿಯವನು ಹೇಳಿದ ದಿನ ಬಂದನಾ. ಟ್ರ್ಯಾಕಿಗೆ ಹೋದಮೇಲೆ ಅದರ ಫಲಿತಾಂಶ ಗೊತ್ತಾಗುತ್ತೆ, ಅಷ್ಟೆ.

ಮೊದಲ ಸುತ್ತು ಮದ್ರಾಸ್ ಟ್ರ್ಯಾಕಲ್ಲಿ, ಅಂದ್ರೆ ಶ್ರೀಪೆರಂಬುದೂರಿನ ಹತ್ತಿರದ ಇರುಂಗಾಟ್ಟುಕೋಟೈ. ಒಂದು ಸುತ್ತಿಗೆ 3.717 ಕಿ.ಮೀ. ಕ್ವಾಲಿಫೈಯಿಂಗ್ ಚೆನ್ನಾಗೇ ಹೋಯ್ತು. ರೇಸಿನ ಅರ್ಧಕ್ಕೆ ಉದ್ದದ ಸ್ಟ್ರೇಟ್ ಕೊನೆಯಲ್ಲಿ ಬ್ರೇಕ್ ಒತ್ತಿದ್ರೆ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಯ್ತು. ಎರಡು ಸಲ ಪಂಪ್ ಮಾಡಿದ ಮೇಲೆ ಹಿಡೀತು. ಅಲ್ಲಿಂದ ಕೊನೇತನಕ ಪ್ರತಿ ತಿರುವಿಗೂ ಬೇಗ ಬ್ರೇಕ್ ಹಾಕ್ತಾ, ಹಿಂದಿನವರನ್ನೆಲ್ಲ ಮುಂದೆ ಬಿಟ್ಕೊಡ್ತಾ ಬಂದೆ. ಆ ಸುತ್ತಿನ ಕತೆ ಅಷ್ಟೇ.

ಪೀಣ್ಯ ಲೇತ್

ಗುರು, ಯಾವ ಬ್ರೇಕ್ ಆಯಿಲ್ ಹಾಕಿದ್ರಿ? ಡಾಟ್ 3 ದರ್ಜೆದಾ?

ಎಸ್ಟೀಮ್‌ಸವಾರ

ಡಾಟ್ 4, ಹೊಸ ಡಬ್ಬ. ಅಂಗಡಿಯವನು ಸೀಲ್ ಇದೆ ಅಂತಲೇ ಕೊಟ್ಟ. ಆಮೇಲೆ ನಮ್ಮ ಮೆಕ್ಯಾನಿಕ್ ಮೇಸ್ತ್ರಿ ಮುಚ್ಚಳದ ಕೆಳಗಿನ ಫಾಯಿಲ್ ತೋರಿಸಿದ್ರು. ಅಂಚಲ್ಲಿ ಗಮ್ ಹಚ್ಚಿ ಮತ್ತೆ ಅಂಟಿಸಿದ ಗುರುತು. ಯಾವ ಅಂಗಡಿ ಅಂತ ಇಲ್ಲಿ ಬರೆಯಲ್ಲ, ಯಾರೂ ಕೇಳಬೇಡಿ.

ಪೀಣ್ಯ ಲೇತ್

ಅದೇ ಕಾರಣ. ಹೊಸಬರಿಗೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಬ್ರೇಕ್ ಆಯಿಲ್ ಗಾಳಿಯಲ್ಲಿರೋ ತೇವ ಹೀರಿಕೊಳ್ಳುತ್ತೆ. ಡಾಟ್ 4 ಹೊಸದಾಗಿದ್ದಾಗ ಕುದಿಯೋಕೆ ಕನಿಷ್ಠ 230 ಡಿಗ್ರಿ ಬೇಕು, ತೇವ ಸೇರಿದ ಮೇಲೆ ಆ ಮಟ್ಟ 155ಕ್ಕೆ ಇಳಿಯುತ್ತೆ. ಡಾಟ್ 3 ಆದ್ರೆ 205 ಮತ್ತು 140. ರೇಸಲ್ಲಿ ಡಿಸ್ಕ್ ಕೆಂಪಗಾಗೋ ಅಷ್ಟು ಬಿಸಿ ಬರುತ್ತೆ, ಕ್ಯಾಲಿಪರ್ ಒಳಗಿನ ಆಯಿಲ್ ಕುದ್ದು ಆವಿ ಆಗುತ್ತೆ. ಆವೀನ ಒತ್ತಿದ್ರೆ ಕುಗ್ಗುತ್ತೆ, ಆಯಿಲ್ ಕುಗ್ಗಲ್ಲ. ಪೆಡಲ್ ಒಳಗೆ ಹೋಗೋದು ಅದಕ್ಕೇ. ಸಿಟಿಯಲ್ಲಿ ಓಡಿಸೋರಿಗೆ ಇದು ವರ್ಷಗಟ್ಟಲೆ ಗೊತ್ತೇ ಆಗಲ್ಲ. ನಮ್ಮ ಸಿಲ್ಕ್ ಬೋರ್ಡಲ್ಲಿ ಡಿಸ್ಕ್ ಯಾವಾಗ ಬಿಸಿ ಆಗ್ಬೇಕು?

ಸಿಮ್‌ರಿಗ್ ಬಸವನಗುಡಿ

ಬ್ರೋ ಬೇಜಾರಾಗ್ಬೇಡಿ, ಇಷ್ಟೆಲ್ಲ ಕಷ್ಟ ಯಾಕೆ? ಕಂಪ್ಯೂಟರಲ್ಲಿ ಓಡಿಸೋ ಸಿಮ್ಮಿಗೆ ಒಳ್ಳೆ ವೀಲು, ಲೋಡ್ ಸೆಲ್ ಪೆಡಲ್ಲು ತಗೊಂಡ್ರೆ ಮನೇಲೇ ದಿನಾ ಓಡಿಸ್ಬಹುದು. ರೇಸಿಂಗ್ ಲೈನು, ಬ್ರೇಕಿಂಗ್ ಪಾಯಿಂಟು ಎಲ್ಲ ಕಲೀಬಹುದು.

ಎಸ್ಟೀಮ್‌ಸವಾರ

ಬೇಜಾರೇನಿಲ್ಲ, ನಾನೂ ಓಡಿಸ್ತೀನಿ. ಲೈನ್ ಕಲಿಯೋಕೆ ಅದಕ್ಕಿಂತ ಅಗ್ಗದ ದಾರಿ ಇಲ್ಲ. ಆದ್ರೆ ಬಿಸಿಲು ಅಲ್ಲಿ ಬರಲ್ಲ. ಗ್ರಿಡ್ಡಲ್ಲಿ ನಿಂತಾಗ ಗಾಜು ಮುಚ್ಚಿದೆ, ಮೂರು ಪದರದ ಸೂಟು, ಒಳಗೆ ಬೆಂಕಿ ತಡೆಯೋ ಬನಿಯನ್ನು, ತಲೆಗೆ ಬಾಲಕ್ಲಾವ, ಅದರ ಮೇಲೆ ಹೆಲ್ಮೆಟ್ಟು. ಚೆನ್ನೈ ಬಿಸಿಲಲ್ಲಿ ಹಸಿರು ಬಾವುಟ ಬೀಳೋದರೊಳಗೇ ಬೆವರು ಕಣ್ಣಿಗೆ ಇಳಿದಿರುತ್ತೆ. ಕೊನೆಕೊನೆಗೆ ಮೂರನೇ ಗೇರ್ ಅಂದ್ಕೊಂಡು ಐದಕ್ಕೆ ಹಾಕೋರು ಇದಾರೆ. ಮೈ ಸೋತಾಗ ತಲೇನೂ ಸೋಲುತ್ತೆ.

ಹೆಣ್ಣೂರು ಕಾರ್ಟ್

ಸಿಮ್ಮಿಗೂ ಕಾರಿಗೂ ಮಧ್ಯೆ ಕಾರ್ಟ್ (ಪುಟ್ಟ ರೇಸ್ ಗಾಡಿ) ಇದೆಯಲ್ಲಪ್ಪ, ಅದನ್ಯಾಕೆ ಮರೀತೀರಿ. ಬಾಗಲೂರು ಕಡೆ ಮೆಕೊ ಕಾರ್ಟೋಪಿಯಾ ಅನ್ನೋ ಕಾರ್ಟ್ ಟ್ರ್ಯಾಕ್ ಇದೆ. 125 ಸಿಸಿ ಟೂ ಸ್ಟ್ರೋಕ್ ರೋಟ್ಯಾಕ್ಸ್ ಎಂಜಿನ್ ಕಾರ್ಟಲ್ಲಿ ಒಂದು ಬೆಳಿಗ್ಗೆ ಕೂತು ನೋಡಿ. ಸಸ್ಪೆನ್ಷನ್ ಇಲ್ಲ, ಪಕ್ಕೆಲುಬಿಗೆ ಗಾರ್ಡ್ ಹಾಕದೆ ಕೂತ್ರೆ ಮಾರನೇ ದಿನ ಕೆಮ್ಮೋಕೂ ಆಗಲ್ಲ. ಅರ್ಜುನ್ ಮೈನಿ, ಕುಶ್ ಮೈನಿ ಇದೇ ಊರಿನವರು, ಕಾರ್ಟಿಂದಲೇ ಶುರು ಮಾಡಿದವರು. ಕುಶ್ 2025ರಲ್ಲಿ ಮೊನಾಕೊದಲ್ಲಿ ಫಾರ್ಮುಲಾ 2 ಸ್ಪ್ರಿಂಟ್ ರೇಸ್ ಗೆದ್ದರು. ಕಾರ್ ರೇಸ್ ಟ್ರ್ಯಾಕ್ ಇಲ್ಲದ ಊರಿಂದ ಹೋಗಿ!

ಲೆಕ್ಕ ಕೇಳೋನು

ಮೈನಿ ಮನೆತನದ ಹಿನ್ನೆಲೆ ಬೇರೆ, ನಮ್ಮ ಕತೆ ಬೇರೆ ಸ್ವಾಮಿ. ನೇರವಾಗಿ ಕೇಳ್ತೀನಿ: ಸಂಬಳದವನೊಬ್ಬ, ಇಎಂಐ ಕಟ್ಟೋನು, ಇದನ್ನ ಮಾಡೋಕಾಗುತ್ತಾ? ಯಾವುದಕ್ಕೆ ದುಡ್ಡು ಜಾಸ್ತಿ ಹೋಗುತ್ತೆ?

ಎಸ್ಟೀಮ್‌ಸವಾರ

ನಾನೂ ಸಂಬಳದವನೇ. ಎಂಜಿನ್ನಿಗೆ ಹೋಗುತ್ತೆ ಅಂತ ಎಲ್ಲರೂ ಅಂದ್ಕೋತಾರೆ. ನಿಜವಾಗಿ ತಿನ್ನೋದು ಟೈರು. ಮದ್ರಾಸ್ ಟ್ರ್ಯಾಕ್ ಗಡಿಯಾರದ ದಿಕ್ಕಿಗೆ ಓಡೋದು, ಬಲ ತಿರುವುಗಳೇ ಜಾಸ್ತಿ. ಎಸ್ಟೀಮಲ್ಲಿ ಎಂಜಿನ್ ತಿರುಗಿಸೋದು ಮುಂದಿನ ಚಕ್ರಗಳನ್ನ. ಹಾಗಾಗಿ ಎಳೆಯೋದು, ತಿರುಗಿಸೋದು, ಬ್ರೇಕಿನ ಭಾರ ಹೊರೋದು ಎಲ್ಲ ಮುಂದಿನ ಟೈರಿನ ಮೇಲೆ, ಅದರಲ್ಲೂ ಎಡಗಡೇದರ ಮೇಲೆ. ಮೂರು ಟೈರು ಚೆನ್ನಾಗಿದ್ದು ಆ ಒಂದು ಸವೆದು ಬೋಳಾಗಿರುತ್ತೆ. ಹಿಂದಿನದನ್ನ ಮುಂದಕ್ಕೆ ಹಾಕಿ, ಅದಲು ಬದಲು ಮಾಡಿ ಹೇಗೋ ತಳ್ತೀವಿ. ದೊಡ್ಡ ಟೀಮಿನವರು ಪ್ರತಿ ಕ್ವಾಲಿಫೈಯಿಂಗಿಗೂ ಹೊಸ ಜೋಡಿ ಹಾಕ್ತಾರೆ, ವ್ಯತ್ಯಾಸ ಅಲ್ಲೇ ಶುರು.

ಟೈರಾದ ಮೇಲೆ ಎಂಟ್ರಿ ಫೀಸು, ಲಾರಿ ಬಾಡಿಗೆ, ರೂಮು, ಹುಡುಗರ ಊಟ. ಸೂಟು, ಹೆಲ್ಮೆಟ್ಟು, ಕತ್ತಿಗೆ ಹಾಕೋ ಹ್ಯಾನ್ಸ್ ಒಂದೇ ಸಲದ ಖರ್ಚು. ಇದರಲ್ಲಿ ಮಾತ್ರ ಚೌಕಾಸಿ ಬೇಡ. ಎಫ್‌ಐಎ (ವಿಶ್ವ ಮೋಟಾರ್ ಕ್ರೀಡಾ ಸಂಸ್ಥೆ) ಚೀಟಿ ಹೊಲೆದಿರೋದೇ ತಗೊಳ್ಳಿ. ಬೆಲ್ಟಿನ ಚೀಟಿಯಲ್ಲಿ ಅವಧಿ ಮುಗಿಯೋ ವರ್ಷ ಇರುತ್ತೆ, ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಅದನ್ನೇ ಮೊದಲು ನೋಡಿ. ರೇಸಿಗೆ ಮುಂಚಿನ ತಪಾಸಣೆಯಲ್ಲಿ (ಸ್ಕ್ರುಟಿನಿ) ಅಧಿಕಾರಿಗಳು ನೋಡೋದೂ ಅದನ್ನೇ.

ಇನ್ನೊಂದು ಮಾತು. ನಮ್ಮ ಸಾಮಾನ್ಯ ಮೋಟಾರ್ ಪಾಲಿಸಿ ರೇಸಿಗೆ ಅನ್ವಯ ಆಗಲ್ಲ. ಕಾರು ಗೋಡೆಗೆ ಹೊಡೆದ್ರೆ ಅದು ನಿಮ್ಮದೇ ಗೋಳು.

ಲೆಕ್ಕ ಕೇಳೋನು

ಅಂದ್ರೆ ಆಗಲ್ಲ ಅಂತ ಸುತ್ತಿ ಬಳಸಿ ಹೇಳಿದ್ರಿ.

ಎಸ್ಟೀಮ್‌ಸವಾರ

ಆಗುತ್ತೆ, ಬೇರೆ ಏನನ್ನಾದರೂ ಬಿಡಬೇಕು. ನಾನು ಎರಡನೇ ಕಾರು ಬಿಟ್ಟೆ, ಮೆಟ್ರೋಲಿ ಆಫೀಸಿಗೆ ಹೋಗ್ತೀನಿ. ಹೆಂಡತಿ ಒಪ್ಪಿದಾಳೆ ಅಂತ ಬರೆಯೋ ಧೈರ್ಯ ಇಲ್ಲ, ಅವಳೂ ಇಲ್ಲಿ ಓದ್ತಾಳೆ.

ಎರಡನೇ ಸುತ್ತು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ. ಚಿಕ್ಕ ಟ್ರ್ಯಾಕು, ಸುಮಾರು 2 ಕಿ.ಮೀ., ಓವರ್‌ಟೇಕಿಗೆ ಜಾಗ ಕಮ್ಮಿ. ಹಾಗಾಗಿ ಎಲ್ಲರಿಗೂ ಮೊದಲ ತಿರುವಲ್ಲೇ ಕೆಲಸ ಮುಗಿಸಿಬಿಡೋ ಆತುರ. ನನ್ನ ಹಿಂದಿನವನು ಬಂದು ಗುದ್ದಿದ, ನಾನು ಮುಂದಿನವನಿಗೆ ಹೋಗಿ ತಗುಲಿದೆ. ಬಂಪರ್ ಸೊಟ್ಟ ಆಗಿದ್ದು ಬಿಟ್ಟರೆ ಬೇರೇನೂ ಕಾಣಲಿಲ್ಲ. ಆ ರೇಸ್ ಮುಗಿಸಿದೆ, ಒಳ್ಳೆ ಜಾಗದಲ್ಲೇ ಮುಗಿಸಿದೆ.

ಮಾರನೇ ದಿನದ ರೇಸಲ್ಲಿ ಟೆಂಪರೇಚರ್ ಮುಳ್ಳು ಮೇಲಕ್ಕೆ ಹತ್ತಿತು, ಇನ್ನೇನು ಪಿಟ್ಟಿಗೆ ಬರಬೇಕು ಅನ್ನೋವಾಗ ದಿಢೀರಂತ ಕೆಳಗೆ ಬಿತ್ತು. ಆಗಲೇ ಇಗ್ನಿಷನ್ ಆಫ್ ಮಾಡಿ ಹುಲ್ಲಿಗೆ ಇಳಿಸಿದೆ. ನೀರು ಪೂರ್ತಿ ಖಾಲಿ ಆದ್ರೆ ಸೆನ್ಸರ್ ಗಾಳಿಯಲ್ಲಿ ನಿಂತಿರುತ್ತೆ, ಅದಕ್ಕೆ ಬಿಸಿ ಗೊತ್ತಾಗಲ್ಲ, ಮುಳ್ಳು ಇಳಿಯುತ್ತೆ. ಅಷ್ಟರಲ್ಲಿ ಎಂಜಿನ್ ಹೆಡ್ಡಿನ ಕೆಳಗಿನ ಸೀಲು, ಅಂದ್ರೆ ಗ್ಯಾಸ್ಕೆಟ್, ಹೋಗಿತ್ತು. ಹಿಂದಿನ ದಿನದ ಗುದ್ದಿಗೆ ರೇಡಿಯೇಟರ್ ಕೆಳಗಿನ ಟ್ಯಾಂಕಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ನಿಂತಾಗ ಸೋರಲ್ಲ, ಪ್ರೆಷರ್ ಏರಿದಾಗ ಮಾತ್ರ ಸೋರೋದು.

ಬಾವುಟದವಳು

ನಾನು ಮಾರ್ಷಲ್, ಟ್ರ್ಯಾಕ್ ಪಕ್ಕ ಬಾವುಟ ತೋರಿಸೋಳು, ಬೆಂಗಳೂರಿಂದಲೇ ಹೋಗ್ತೀನಿ. ಹುಲ್ಲಿಗೆ ಇಳಿಸಿದ್ದು ತುಂಬಾ ಒಳ್ಳೇದಾಯ್ತು ಸಾರ್. ಸುಮಾರು ಜನ ಪಿಟ್ಟಿಗೆ ಹೋಗಿ ಸೇರ್ತೀನಿ ಅಂತ ರೇಸಿಂಗ್ ಲೈನಲ್ಲೇ ನೀರು, ಆಯಿಲ್ ಸುರಿಸ್ಕೊಂಡು ಬರ್ತಾರೆ. ಆಗ ನಾವು ಹಳದಿ ಮೇಲೆ ಕೆಂಪು ಪಟ್ಟಿ ಇರೋ ಬಾವುಟ ತೋರಿಸ್ತೀವಿ, ಟ್ರ್ಯಾಕ್ ಜಾರುತ್ತೆ ಅಂತ. ತೋರಿಸಿದರೂ ಅರ್ಧ ಜನ ನೋಡಲ್ಲ. ಹೊಸದಾಗಿ ಬರೋರು ದಯವಿಟ್ಟು ಬಾವುಟ ಕಲಿತು ಬನ್ನಿ. ನೀಲಿ ತೋರಿಸಿದ್ರೆ ಹಿಂದೆ ವೇಗದ ಕಾರು ಬರ್ತಿದೆ ಅಂತ, ಹೆದರಿ ಪಕ್ಕಕ್ಕೆ ಹಾರಬೇಡಿ, ನಿಮ್ಮ ಲೈನಲ್ಲೇ ಇರಿ, ಅವರು ದಾಟ್ಕೋತಾರೆ. ಕಪ್ಪು ಬಾವುಟದ ನಡುವೆ ಕಿತ್ತಳೆ ಗೋಳ ಇದ್ದು ಜೊತೆಗೆ ನಿಮ್ಮ ನಂಬರ್ ಇದ್ರೆ ನಿಮ್ಮ ಕಾರಲ್ಲೇ ಏನೋ ಕೆಟ್ಟಿದೆ, ಪಿಟ್ಟಿಗೆ ಬನ್ನಿ ಅಂತ. ಬಂಪರ್ ಎಳ್ಕೊಂಡು ಹೋಗೋರಿಗೆ ಅದನ್ನ ತೋರಿಸಿದ್ರೆ ಆಮೇಲೆ ಬಂದು ನಮ್ಮ ಜೊತೆ ಜಗಳ!

ಪೀಣ್ಯ ಲೇತ್

ಹೆಡ್ ನನ್ನ ಹತ್ರಾನೇ ಬಂದಿತ್ತು, ಅದಕ್ಕೇ ಹೇಳ್ತೀನಿ. ಅಲ್ಯೂಮಿನಿಯಂ ಹೆಡ್ಡು, ಅತಿ ಬಿಸಿಗೆ ಬಾಗುತ್ತೆ. ಮೇಲೆ ಸ್ಕೇಲ್ ಇಟ್ಟು ಕೆಳಗೆ ಫೀಲರ್ ಗೇಜ್ ತೂರಿಸಿದ್ರೆ ನಡುವೆ ಸಲೀಸಾಗಿ ಹೋಗ್ತಿತ್ತು. ಸಮ ಮಾಡ್ಬೇಕಂದ್ರೆ ಒಂದು ಪದರ ತೆಗೀಬೇಕು. ಜಾಸ್ತಿ ತೆಗೆದ್ರೆ ಕಂಪ್ರೆಷನ್ ಏರುತ್ತೆ, ನಿಯಮ ಮೀರಿದ ಹಾಗಾಗುತ್ತೆ, ಗೆದ್ದ ಮೇಲೆ ಬಿಚ್ಚಿ ಅಳೆದ್ರೆ ಡಿಸ್‌ಕ್ವಾಲಿಫೈ. ಆದ್ರೆ ಇವರಿಗೆ ಬುಧವಾರಕ್ಕೆ ಬೇಕು, ನನಗೆ ಕಂಪನಿ ಆರ್ಡರ್ ತಲೆ ಮೇಲೆ. ರಾತ್ರಿ ಶಿಫ್ಟ್ ಮುಗಿದ ಮೇಲೆ ಮಾಡಿಕೊಟ್ಟೆ. ಬಾಕಿ ಇನ್ನೂ ಬಂದಿಲ್ಲ ಅಂತ ಎಲ್ಲರ ಎದುರು ನೆನಪಿಸ್ತಿದ್ದೀನಿ.

ಎಸ್ಟೀಮ್‌ಸವಾರ

ಅಣ್ಣ, ಈ ಶನಿವಾರ ಖಂಡಿತ. ನಿಮ್ಮ ರಾತ್ರಿ ಶಿಫ್ಟೇ ನನ್ನ ಸೀಸನ್ ಉಳಿಸಿದ್ದು. ನಾನು ಮೊದಲೇ ಹೇಳಿದ್ದು ಇದನ್ನೇ.

ಶೋಳವರಂ ಹಳಬ

ಹುಡುಗರ ಮಾತು ಓದ್ತಾ ಕೂತಿದ್ದೆ, ಸುಮ್ಮನಿರೋಕೆ ಆಗಲಿಲ್ಲ. ನಾವು ಎಂಬತ್ತರ ದಶಕದಲ್ಲಿ ಶೋಳವರಂಗೆ ಹೋಗ್ತಿದ್ದೆವು. ಎರಡನೇ ಮಹಾಯುದ್ಧದ ಕಾಲದ ವಿಮಾನದ ಪಟ್ಟಿ ಅದು, ಚೆನ್ನೈ ಹೊರಗೆ. ರೇಸರ್ ಕರಿವರ್ಧನ್ ತಾವೇ ಕಟ್ಟಿದ ಕಾರು ತರ್ತಿದ್ದರು, ವಿಜಯ್ ಮಲ್ಯ ಎನ್‌ಸೈನ್ ಫಾರ್ಮುಲಾ ಒನ್ ಕಾರನ್ನೇ ತಂದು ಓಡಿಸಿದ್ದರು. ಆ ಕಾರು ಸ್ಟ್ರೇಟಲ್ಲಿ ಹೋಗುವಾಗ ಎದೆಯ ಮೂಳೆ ನಡುಗ್ತಿತ್ತು. ನಮ್ಮ ಬೆಂಗಳೂರಿನವರ ಹೆಮ್ಮೆ ಅಂದ್ರೆ ಸಿಪಾನಿ ಡಾಲ್ಫಿನ್. ಇದೇ ಊರಲ್ಲಿ ತಯಾರಾಗ್ತಿದ್ದ ಫೈಬರ್ ಬಾಡಿ ಕಾರು, 848 ಸಿಸಿ, ಎರಡು ಬಾಗಿಲು. ರಸ್ತೆಯಲ್ಲಿ ಜನ ನಗಾಡ್ತಿದ್ದರು. ಆದರೆ ತೂಕ ಕಮ್ಮಿ, ರೇಸು ರ‍್ಯಾಲಿಗೆ ಹೇಳಿ ಮಾಡಿಸಿದ ಹಾಗಿತ್ತು. ಮಾರುತಿ ಬಂದ ಮೇಲೆ ಆ ಕಾಲ ಮುಗೀತು. 1990ರಲ್ಲಿ ಇರುಂಗಾಟ್ಟುಕೋಟೈ ಟ್ರ್ಯಾಕ್ ಆದಮೇಲೆ ಶೋಳವರಂ ಕೂಡ ಮುಗೀತು.

ಎಸ್ಟೀಮ್‌ಸವಾರರೇ, ನಿಮ್ಮ ವಾದ ನಾನು ಒಪ್ಪಲ್ಲ. ಪಾರ್ಟ್ ಸಿಗದೇ ಇರೋದು ನಮ್ಮ ಕಾಲದಲ್ಲಿ ಇನ್ನೂ ಜಾಸ್ತಿ ಇತ್ತು. ಆಗಲೂ ಗೆಲ್ಲೋರು ಗೆಲ್ತಿದ್ದರು. ನಿಮಗೆ ಕಮ್ಮಿ ಇರೋದು ಸ್ಟಿಯರಿಂಗ್ ಹಿಡಿದು ಕೂರೋ ಹೊತ್ತು. ಚೆನ್ನೈ ಹುಡುಗ ಟೆಸ್ಟ್ ದಿನ ಅಂದ್ರೆ ಬೆಳಿಗ್ಗೆ ಮನೆಯಿಂದ ಹೋಗಿ ಸಂಜೆ ಮನೆಗೆ ಬರ್ತಾನೆ. ನೀವು ರೇಸ್ ವಾರದಲ್ಲಿ ಮಾತ್ರ ಟ್ರ್ಯಾಕ್ ನೋಡ್ತೀರಿ.

ಎಸ್ಟೀಮ್‌ಸವಾರ

ಸಾರ್, ನಮಸ್ಕಾರ. ಅದೂ ಬೆಂಗಳೂರಿನ ವಾರದ ದಿನದ ಲೆಕ್ಕಕ್ಕೇ ಸೇರಲ್ವಾ? ಟೆಸ್ಟಿಗೆ ಹೋಗ್ಬೇಕಂದ್ರೂ ರಜೆ, ಲಾರಿ, 300 ಕಿ.ಮೀ. ದಾರಿ. ಹೋದ ಸಲ ಅತ್ತಿಬೆಲೆ ಹತ್ತಿರ ತಡೆದು ನಿಲ್ಲಿಸಿ, ಲಾರಿ ಮೇಲಿರೋ ಕಾರಿಗೆ ಆರ್‌ಸಿ ಎಲ್ಲಿ, ನಂಬರ್ ಎಲ್ಲಿ ಅಂತ ಕೇಳಿದ್ರು. ಇದು ರೇಸ್ ಕಾರು, ರಸ್ತೆಗಿಳಿಯಲ್ಲ ಅಂತ ಹೇಳಿ, ಎಂಟ್ರಿ ಪತ್ರ ತೋರಿಸಿ, ರೋಲ್ ಕೇಜ್ ತೋರಿಸಿ ಸಾಕಾಯ್ತು. ಕೊನೆಗೆ ಅವರೇ ಒಳಗೆ ಕೂತು ಫೋಟೋ ತೆಗೆಸ್ಕೊಂಡು ಬಿಟ್ಟರು.

ಕೋಡ್ರೈವರ್ ಚಿಕ್ಕಮಗಳೂರು

ನನ್ನ ಕೇಳಿದ್ರೆ ರ‍್ಯಾಲಿಗೆ ಬನ್ನಿ ಅಂತೀನಿ. ನಮ್ಮ ರಾಜ್ಯದಲ್ಲೇ ನಡೆಯುತ್ತೆ. ಕೆ-1000 ಅನ್ನೋ ರ‍್ಯಾಲಿ ಇದೆ, ನಮ್ಮೂರ ಕಾಫಿ ತೋಟದ ಮಣ್ಣಿನ ದಾರಿ ಇದೆ. ಒಬ್ಬೊಬ್ಬರೇ ಗಡಿಯಾರದ ಎದುರು ಓಡೋದು, ಹಿಂದಿಂದ ಬಂದು ಗುದ್ದೋರು ಯಾರೂ ಇಲ್ಲ.

ಹೆಣ್ಣೂರು ಕಾರ್ಟ್

ಗುದ್ದೋರಿಲ್ಲ ನಿಜ, ಸಿಲ್ವರ್ ಓಕ್ ಮರ ಇದೆಯಲ್ಲ.

ಕೋಡ್ರೈವರ್ ಚಿಕ್ಕಮಗಳೂರು

ಅದು ಇದೆ. 😄

ಸಿಮ್‌ರಿಗ್ ಬಸವನಗುಡಿ

ಪೋಡಿಯಂ ಕತೆ ಎಲ್ಲಿ ಬ್ರೋ? ಬರೀ ರಿಪೇರಿ ಕತೆ ಆಯ್ತು.

ಎಸ್ಟೀಮ್‌ಸವಾರ

ಹೇಳ್ತೀನಿ. ಕೊನೆಯ ಸುತ್ತು ಮತ್ತೆ ಮದ್ರಾಸಲ್ಲಿ, ಹಿಂಗಾರಿನ ಹೊತ್ತು. ಶನಿವಾರ ರಾತ್ರಿಯೆಲ್ಲ ಮಳೆ. ಬೆಳಿಗ್ಗೆ ಪ್ಯಾಡಕ್ಕಲ್ಲಿ ಪಾದ ಮುಳುಗೋ ನೀರು. ದೊಡ್ಡವರ ಮುಖ ಬಾಡಿತ್ತು, ನಮ್ಮ ಮೇಸ್ತ್ರಿ ಮುಖ ಅರಳಿತ್ತು. ಮಳೆಯಲ್ಲಿ ಎಂಜಿನ್ ಪವರ್ ಇದ್ದವರಿಗೆ ಅದನ್ನ ನೆಲಕ್ಕೆ ಇಳಿಸೋಕೆ ಆಗಲ್ಲ, ನಮ್ಮ ಬಡ ಎಂಜಿನ್ನಿಗೆ ಆ ಚಿಂತೆ ಇಲ್ಲ. ಮೇಸ್ತ್ರಿ ಮುಂದಿನ ಆಂಟಿ ರೋಲ್ ಬಾರ್ (ತಿರುವಲ್ಲಿ ಕಾರು ವಾಲದ ಹಾಗೆ ತಡೆಯೋ ಸರಳು) ಬಿಚ್ಚಿಸಿದ್ರು, ಕಾರು ಮೆತ್ತಗಾಯ್ತು, ಮುಂಭಾಗ ಹಿಡಿತಕ್ಕೆ ಬಂತು.

ತೊಂದರೆ ಬೇರೆ ಕಡೆ ಇತ್ತು. ತೂಕ ಉಳಿಸೋಕೆ ಬ್ಲೋವರ್ ಕಿತ್ತಿದ್ದೆವಲ್ಲ, ಬೆವರಿನ ಆವಿ ಪೂರ್ತಿ ಗಾಜಿಗೆ ಕೂರುತ್ತೆ, ಏನೂ ಕಾಣಲ್ಲ. ಮೇಸ್ತ್ರಿ ಪಾತ್ರೆ ತೊಳೆಯೋ ಸೋಪಿನ ಬಿಲ್ಲೆ ತಂದು ಒಣ ಗಾಜಿನ ಒಳಬದಿಗೆ ಉದ್ದಕ್ಕೂ ಉಜ್ಜಿ, ಹಳೇ ಪೇಪರ್ ಮುದ್ದೆ ಮಾಡಿ ಕಲೆ ಹೋಗೋ ತನಕ ಒರೆಸಿದ್ರು. ತೆಳ್ಳಗೆ ಒಂದು ಪೊರೆ ಉಳೀತು. ಹನಿ ಕಟ್ಟೋ ಬದಲು ಆವಿ ಹರಡಿಕೊಂಡು ಗಾಜು ತಿಳಿಯಾಗೇ ಇತ್ತು. ಗ್ರಿಡ್ಡಲ್ಲಿ ನನ್ನ ಅಕ್ಕಪಕ್ಕದವರು ಕೈಗ್ಲೌಸಲ್ಲಿ ಗಾಜು ಒರೆಸ್ತಿದ್ದರು.

ಒಣ ಟ್ರ್ಯಾಕಲ್ಲಿ ಎಲ್ಲರೂ ಓಡೋ ಲೈನಲ್ಲಿ ರಬ್ಬರ್ ಕೂತಿರುತ್ತೆ, ಮಳೆ ಬಿದ್ರೆ ಅದೇ ಜಾಗ ಜಾರುತ್ತೆ. ನಾನು ತಿರುವಿನ ಹೊರಗಡೆಯ ಒರಟು ಡಾಂಬರಲ್ಲಿ ಹೋದೆ. ಒಬ್ಬರಾದ ಮೇಲೆ ಒಬ್ಬರು ನೀರಲ್ಲಿ ತೇಲಿ ಹೊರಗೆ ಹೋದ್ರು. ಹಳದಿ ಬಾವುಟ, ಸೇಫ್ಟಿ ಕಾರು, ಮತ್ತೆ ಶುರು. ಕೊನೆಯಲ್ಲಿ ಮೂರನೆಯವನಾಗಿ ಬಂದೆ. ಕಪ್ಪು ಪ್ಲಾಸ್ಟಿಕ್ ಬುಡದ ಸಣ್ಣ ಟ್ರೋಫಿ, ಈಗ ಮನೇಲಿ ಟಿವಿ ಪಕ್ಕ ಇದೆ. ಮಗಳು ಅದರಲ್ಲಿ ಪೆನ್ಸಿಲ್ ಇಟ್ಟಿದಾಳೆ.

ಬಾವುಟದವಳು

ಆ ರೇಸಲ್ಲಿ ನಾನು ಪೋಸ್ಟಲ್ಲಿದ್ದೆ! ಬೂಟೊಳಗೆ ನೀರು ತುಂಬಿತ್ತು. ಬಿಳಿ ಎಸ್ಟೀಮ್ ಒಂದೇ ಹೊರಗಡೆ ಲೈನಲ್ಲಿ ಬರ್ತಿತ್ತು, ಇವರು ಇನ್ನೇನು ಹೋಗ್ತಾರೆ ಅಂತ ನಾವು ಬಾವುಟ ಹಿಡಿದು ರೆಡಿ ನಿಂತಿದ್ದೆವು. ಹೋಗಲೇ ಇಲ್ಲ.

ಶೋಳವರಂ ಹಳಬ

ಸೋಪಿನ ಉಪಾಯ ನಮ್ಮ ಕಾಲದ್ದು. ಮೇಸ್ತ್ರಿಗೆ ನನ್ನ ಸಲಾಂ ಹೇಳಿ. ಆದರೂ ನೋಡಿ, ಆ ಮೂರನೇ ಸ್ಥಾನ ತಂದದ್ದು ನೀವು ಹಿಡಿದ ಲೈನು, ಜೆ.ಸಿ. ರೋಡ್ ಅಲ್ಲ.

ಲೆಕ್ಕ ಕೇಳೋನು

ನನ್ನ ಮಾತು ಕೇಳಿ, ಕಾರು ಮಾರಿಬಿಡಿ. ಒಂದೇ ಮಾದರಿಯ ಕಾರುಗಳ ಕಪ್ ರೇಸುಗಳು ಇವೆಯಲ್ಲ, ಹಿಂದೆ ಪೋಲೊ ಕಪ್ ಇತ್ತಲ್ಲ ಹಾಗೆ. ದುಡ್ಡು ಕಟ್ಟಿ, ಸೂಟ್‌ಕೇಸ್ ಹಿಡ್ಕೊಂಡು ಹೋಗಿ, ಓಡಿಸಿ, ಕೀ ವಾಪಸ್ ಕೊಟ್ಟು ಬನ್ನಿ. ಲಾರಿನೂ ಇಲ್ಲ, ಪೀಣ್ಯನೂ ಇಲ್ಲ, ರಾತ್ರಿ ನಿದ್ದೆನೂ ಬರುತ್ತೆ.

ಎಸ್ಟೀಮ್‌ಸವಾರ

ಲೆಕ್ಕದಲ್ಲಿ ನೀವು ಸರಿ, ಅದರಲ್ಲಿ ಅನುಮಾನ ಇಲ್ಲ. ಯಾರಾದರೂ ಹೊಸಬರು ಕೇಳಿದ್ರೆ ನಾನೂ ಅದನ್ನೇ ಹೇಳೋದು: ಮೊದಲು ತರಬೇತಿ ಶಾಲೆ, ಎಫ್‌ಎಂಎಸ್‌ಸಿಐ (ದೇಶದ ಮೋಟಾರ್ ಕ್ರೀಡಾ ಒಕ್ಕೂಟ) ಲೈಸೆನ್ಸು, ಆಮೇಲೆ ಬಾಡಿಗೆ ಕಾರು, ಸ್ವಂತ ಕಾರಿನ ಮಾತು ಕೊನೆಗೆ. ಆದ್ರೆ ಗ್ಯಾಸ್ಕೆಟ್ ಹೋದ ರಾತ್ರಿ ಟಾರ್ಚ್ ಹಿಡಿದು ಹೆಡ್ ಬಿಚ್ಚೋದು ನೋಡಿದವನಿಗೆ ಕೀ ವಾಪಸ್ ಕೊಟ್ಟು ಬರೋದು ರುಚಿಸಲ್ಲ. ನನಗೆ ಆ ಅರ್ಧವೂ ಬೇಕು.

ಹಳಬ ಸಾರ್ ಮಾತು ಅರ್ಧ ಒಪ್ಕೊಂಡಿದ್ದೀನಿ. ಮುಂದಿನ ವರ್ಷ ಎಂಜಿನ್ನಿಗೆ ಒಂದು ರೂಪಾಯಿ ಜಾಸ್ತಿ ಹಾಕಲ್ಲ. ಹೊಸ ರೇಡಿಯೇಟರ್, ಅದರ ಮುಂದೆ ಗಟ್ಟಿ ಜಾಲರಿ, ನೀರಿನ ಪ್ರೆಷರ್ ಬಿದ್ರೆ ಉರಿಯೋ ಒಂದು ಕೆಂಪು ಲೈಟು. ಉಳಿದ ದುಡ್ಡು ಟೆಸ್ಟ್ ದಿನಗಳಿಗೆ.

ಪೀಣ್ಯ ಲೇತ್

ಉಳಿದ ದುಡ್ಡು ಅಂದ್ರೆ ನನ್ನ ಬಾಕಿ ಕೊಟ್ಟ ಮೇಲೆ ಉಳಿದದ್ದಾ?

ಎಸ್ಟೀಮ್‌ಸವಾರ

ಹೌದಣ್ಣ, ಹೌದು.

ಕೊನೇದಾಗಿ ಒಂದು ವಿಷಯ. ಸೀಸನ್ ಮುಂಚಿನ ಟೆಸ್ಟಿಗೆ ಎರಡು ಕಾರು ಹಿಡಿಯೋ ಲಾರಿ ಮಾತಾಡಿದ್ದೀನಿ. ಇನ್ನೊಂದು ಕಾರಿಗೆ ಜಾಗ ಖಾಲಿ ಇದೆ, ಬಾಡಿಗೆ ಸಮಪಾಲು. ಗುರುವಾರ ರಾತ್ರಿ ವಿಲ್ಸನ್ ಗಾರ್ಡನ್ನಲ್ಲಿ ಲೋಡಿಂಗ್, ಟೈ ಡೌನ್ ಬೆಲ್ಟ್ ನಿಮ್ಮದೇ ತನ್ನಿ. ಬರೋರು ಇನ್‌ಬಾಕ್ಸಿಗೆ ಬನ್ನಿ.

ಹೆಣ್ಣೂರು ಕಾರ್ಟ್

ಕಾರಿನ ಜಾಗದಲ್ಲಿ ಎರಡು ಕಾರ್ಟ್ ಹಿಡಿಯುತ್ತಾ?

ಎಸ್ಟೀಮ್‌ಸವಾರ

ಮೂರು ಹಿಡಿಯುತ್ತೆ. ಆದ್ರೆ ಬಾಡಿಗೆ ಒಂದು ಕಾರಿಂದೇ.